ಎಳೆದು ತರುವ ಕಾರಿನ ಹಿಂದಿನ ದೀಪಕ್ಕೆ ಪಿಕಪ್‌ನಿಂದ ಕರೆಂಟ್ ಕೊಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹೊಸನಗರದ ಕಡೆ ಗ್ಯಾರೇಜ್ ಇದೆ, ಹುಲಿಕಲ್ ಮತ್ತು ಆಗುಂಬೆ ಘಾಟಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಪಿಕಪ್‌ಗೆ ಕಬ್ಬಿಣದ ಬಾರ್ ಹಾಕಿ ಎಳೆದು ತರುತ್ತೀರಿ. ಎಷ್ಟೋ ಸಲ ಕಾರಿನ ಬ್ಯಾಟರಿಯೇ ಸತ್ತಿರುತ್ತದೆ, ಹಿಂದೆ ಒಂದು ದೀಪವೂ ಉರಿಯುವುದಿಲ್ಲ. ಪಿಕಪ್‌ನಿಂದ ವೈರ್ ಎಳೆದು ಕಾರಿನದೇ ಟೇಲ್ ಲೈಟಿಗೆ ಕೊಟ್ಟರೆ ಆಗುತ್ತದೆಯೇ, ನಡುವೆ ಡಯೋಡ್ ಹಾಕಬೇಕು ಅನ್ನುತ್ತಾರಲ್ಲ ಅದು ಯಾಕೆ ಅಂತ.

ಮೊದಲೇ ಹೇಳಿಬಿಡುತ್ತೇನೆ: ಗಿರಾಕಿಯ ಕಾರಿನ ವೈರಿಂಗ್‌ಗೆ ಕೈ ಹಾಕಬೇಡಿ. ದಿನಕ್ಕೊಂದು ಬೇರೆ ಕಾರು ಎಳೆಯುವವರಿಗೆ ಬೇಕಾದದ್ದು ಕಳಚಿ ಹಾಕುವ ಒಂದು ದೀಪದ ಹಲಗೆ. ಡಯೋಡ್ ಹಾಕುವುದು ನಿಮ್ಮದೇ ಹಳೆಯ ಗಾಡಿಯೊಂದನ್ನು ಪದೇಪದೇ ಎಳೆಯುವುದಿದ್ದರೆ ಮಾತ್ರ ಸರಿ. ಆದರೂ ಅದು ಯಾಕೆ ಬೇಕು ಅಂತ ತಿಳಿದಿರಲಿ, ಇಲ್ಲದಿದ್ದರೆ ತುರ್ತಿನಲ್ಲಿ ನೇರ ವೈರ್ ಸಿಕ್ಕಿಸುವ ಆಸೆ ಬರುತ್ತದೆ.

ಕಾರಿನ ಟೇಲ್ ಲೈಟಿನ ವೈರ್ ಬರೀ ಟೇಲ್ ಲೈಟಿಗೆ ಹೋಗುವುದಿಲ್ಲ. ಅದೇ ದಾರಿಯಲ್ಲಿ ಮುಂದಿನ ಪಾರ್ಕಿಂಗ್ ದೀಪ, ನಂಬರ್ ಪ್ಲೇಟ್ ದೀಪ, ಮೀಟರ್ ಹಿಂದಿನ ಬೆಳಕು ಎಲ್ಲ ಕೂಡಿಕೊಂಡಿರುತ್ತವೆ. ಹಿಂದಿನಿಂದ 12 ವೋಲ್ಟ್ ನೂಕಿದರೆ ಅದು ಮುಂದಕ್ಕೂ ಹರಿಯುತ್ತದೆ. ಎಡ ಇಂಡಿಕೇಟರಿಗೆ ಕೊಟ್ಟಿದ್ದು ಮುಂದಿನ ಇಂಡಿಕೇಟರ್, ಫೆಂಡರ್ ಮೇಲಿನ ಚಿಕ್ಕ ದೀಪ, ಹಜಾರ್ಡ್ ಸ್ವಿಚ್ಚಿನವರೆಗೂ ಹೋಗುತ್ತದೆ. ಬ್ಯಾಟರಿ ಚೆನ್ನಾಗಿರುವ ಕಾರಾದರೆ ಉಲ್ಟಾ ತೊಂದರೆ: ಒಳಗೆ ಕೂತವರು ಬ್ರೇಕ್ ಒತ್ತಿದ ಕೂಡಲೇ ಕಾರಿನ ಕರೆಂಟ್ ವೈರ್ ಹಿಡಿದು ಪಿಕಪ್ಪಿಗೆ ಬರುತ್ತದೆ, ಪಿಕಪ್ಪಿನವರು ಕಾಲಿಡದೆಯೇ ಅದರ ಬ್ರೇಕ್ ಲೈಟ್ ಉರಿಯುತ್ತದೆ. ಈಚಿನ ಕಾರುಗಳಲ್ಲಿ ದೀಪಗಳನ್ನೆಲ್ಲ ಒಂದು ಕಂಪ್ಯೂಟರ್ ಡಬ್ಬಿ ನಡೆಸುತ್ತದೆ. ಅದರ ಔಟ್‌ಪುಟ್ ಕಡೆಯಿಂದ ಕರೆಂಟ್ ಒಳಹೊಕ್ಕರೆ ಡಬ್ಬಿ ಅರೆನಿದ್ದೆಯಲ್ಲಿ ಎದ್ದ ಹಾಗೆ ಆಡುತ್ತದೆ, ಎರರ್ ಕೂರುತ್ತದೆ, ಕೆಟ್ಟರೂ ಕೆಡಬಹುದು. ಎಂಜಿನ್ ಕೆಲಸಕ್ಕೆ ಬಂದ ಕಾರಿಗೆ ಎಲೆಕ್ಟ್ರಿಕಲ್ ಬಿಲ್ಲೂ ಸೇರಿಕೊಂಡರೆ ಗಿರಾಕಿಗೆ ಏನು ಹೇಳುತ್ತೀರಿ?

ಡಯೋಡ್ ಅಂದರೆ ಕೆರೆಯ ಪೈಪಿನಲ್ಲಿರುವ ಫುಟ್‌ವಾಲ್ವ್ ಇದ್ದ ಹಾಗೆ, ಒಂದೇ ಕಡೆ ಬಿಡುತ್ತದೆ. ಹಳೆಯ 800, ಓಮ್ನಿ, ಜೀಪಿನಂಥ, ಸ್ವಿಚ್ಚಿನಿಂದ ನೇರ ಬಲ್ಬಿಗೆ ವೈರ್ ಹೋಗುವ ಗಾಡಿಗೆ ಹಾಕುವುದಾದರೆ ಹೀಗೆ: ಹಿಂದಿನ ಬಲ್ಬಿನ ಹತ್ತಿರ ಕಾರಿನ ವೈರ್ ಕತ್ತರಿಸಿ, ಕಾರಿನ ಕಡೆಯಿಂದ ಬರುವುದಕ್ಕೆ ಒಂದು ಡಯೋಡ್, ಪಿಕಪ್ ಕಡೆಯಿಂದ ಬರುವುದಕ್ಕೆ ಇನ್ನೊಂದು, ಎರಡರ ಪಟ್ಟಿ ಗೀಟಿರುವ ತುದಿಗಳನ್ನು ಕೂಡಿಸಿ ಬಲ್ಬಿಗೆ. ಟೇಲ್, ಬ್ರೇಕ್, ಎಡ, ಬಲ ಹೀಗೆ ನಾಲ್ಕು ದಾರಿ, ಒಟ್ಟು ಎಂಟು ಡಯೋಡ್. 6ಎ10 ಅಥವಾ 10ಎ10 ಕೇಳಿ ತನ್ನಿ. ರೇಡಿಯೊ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು 4007, ಅದು 1 ಆಂಪಿಯರಿನದು. ಎರಡು ಬ್ರೇಕ್ ಬಲ್ಬ್ 21 ವಾಟಿನಂತೆ 42 ವಾಟ್, ಅಂದರೆ 3.5 ಆಂಪಿಯರ್, ಸಣ್ಣದು ಮೊದಲ ಇಳಿಜಾರಿನಲ್ಲೇ ಸುಟ್ಟುಹೋಗುತ್ತದೆ. ದೊಡ್ಡದರಲ್ಲೂ 0.8 ವೋಲ್ಟಿನಷ್ಟು ನಷ್ಟವಾಗುತ್ತದೆ, ಬಲ್ಬಿನ ಬೆಳಕು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಆ ನಷ್ಟವೆಲ್ಲ ಸುಮಾರು 3 ವಾಟ್ ಶಾಖವಾಗುತ್ತದೆ. ಹಾಗಾಗಿ ಡಯೋಡುಗಳನ್ನು ಟೇಪಿನಲ್ಲಿ ಸುತ್ತಿ ಕಾರ್ಪೆಟ್ ಕೆಳಗೆ ತುರುಕಬೇಡಿ, ಗಾಳಿಯಾಡುವ ಡಬ್ಬಿಯಲ್ಲಿಡಿ.

ಇನ್ನು ಹಲಗೆಯ ವಿಚಾರ. ನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ಚಾನೆಲ್ ಅಥವಾ 12 ಮಿಮೀ ಪ್ಲೈವುಡ್ ಸಾಕು. ಟ್ರ್ಯಾಕ್ಟರ್ ಟ್ರೈಲರಿಗೆ ಬರುವ 12 ವೋಲ್ಟಿನ ಟೇಲ್ ಲ್ಯಾಂಪ್ ಒಂದು ಜೊತೆ, ಎರಡು ಕೆಂಪು ರಿಫ್ಲೆಕ್ಟರ್. ಇವೆಲ್ಲ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಟೇಲ್ ಮತ್ತು ಬ್ರೇಕಿಗೆ 21/5 ವಾಟಿನ ಎರಡು ಫಿಲಮೆಂಟ್ ಬಲ್ಬ್, ಇಂಡಿಕೇಟರಿಗೆ 21 ವಾಟಿನ ಒಂಟಿ ಫಿಲಮೆಂಟ್. ಎರಡು ಫಿಲಮೆಂಟ್ ಬಲ್ಬಿನ ಪಕ್ಕದ ಮೊಳೆಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ಒತ್ತಿ ತಿರುಗಿಸಿ ಉಲ್ಟಾ ಕೂರಿಸಿದರೆ ಟೇಲ್ ಲೈಟ್ ಬ್ರೇಕ್ ಲೈಟಿನಷ್ಟು ಉರಿದು, ಬ್ರೇಕ್ ಒತ್ತಿದರೆ ಏನೂ ಗೊತ್ತಾಗದ ಹಾಗಾಗುತ್ತದೆ.

ಕೇಬಲ್ ಉದ್ದ: ಬಾರ್ 2 ಮೀಟರ್, ಕಾರು 4.5 ಮೀಟರ್, ಸಡಿಲಕ್ಕೆ 1.5. ಒಟ್ಟು 8 ಮೀಟರ್ ಏಳು ಕೋರಿನ ಟ್ರೈಲರ್ ಕೇಬಲ್. ದೀಪದ ವೈರುಗಳು 1 ಚದರ ಮಿಮೀ, ಅರ್ತ್ (ಕರೆಂಟ್ ವಾಪಸ್ ಬರುವ ವೈರ್) 2.5 ಚದರ ಮಿಮೀ ಇರಲಿ. ಕೇಬಲಿನಲ್ಲಿ ಎಲ್ಲ ಕೋರೂ 1 ಇದ್ದರೆ ಅರ್ತಿಗೆ ಬೇರೆಯದೇ ದಪ್ಪ ವೈರ್ ಜೊತೆಗೆ ಓಡಿಸಿ. ಯಾಕೆಂದರೆ ಟೇಲ್, ಬ್ರೇಕ್, ಒಂದು ಇಂಡಿಕೇಟರ್ ಒಟ್ಟಿಗೆ ಉರಿದಾಗ ಸುಮಾರು 6 ಆಂಪಿಯರ್ ಆ ಒಂದೇ ವೈರಿನಲ್ಲಿ ವಾಪಸ್ ಬರಬೇಕು. 1 ಚದರ ಮಿಮೀ ವೈರಿನಲ್ಲಿ ಅಷ್ಟು ದೂರಕ್ಕೆ 0.9 ವೋಲ್ಟ್ ಅಲ್ಲೇ ಹೋಗುತ್ತದೆ, 2.5ರಲ್ಲಿ 0.4ಕ್ಕಿಂತ ಕಡಿಮೆ. ಎಲ್‌ಇಡಿ ದೀಪ ಹಾಕಿದರೆ ಈ ಲೆಕ್ಕ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ದುಡ್ಡಿದ್ದರೆ ಅದೇ ಒಳ್ಳೆಯದು.

ಏಳು ಪಿನ್ನಿನ 12 ವೋಲ್ಟ್ ಪ್ಲಗ್ಗಿನಲ್ಲಿ ಕ್ರಮ ಹೀಗೆ: 1 ಎಡ ಇಂಡಿಕೇಟರ್, 2 ಹಿಂದಿನ ಫಾಗ್ ಲ್ಯಾಂಪ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಟೇಲ್, 6 ಬ್ರೇಕ್, 7 ಎಡ ಟೇಲ್. ವೈರಿನ ಬಣ್ಣ ನಂಬಬೇಡಿ, ನಮ್ಮಲ್ಲಿ ಕಂಪನಿಗೊಂದು ಬಣ್ಣ. ಪ್ಲಗ್ ಒಳಗೆ ಅಚ್ಚೊತ್ತಿದ ಅಂಕಿ ನೋಡಿ. ಲಾರಿಯ 24 ವೋಲ್ಟಿನ ಸಾಕೆಟ್ ತರಬೇಡಿ, ಅದರಲ್ಲಿ ಅರ್ತ್ ಇರುವುದೇ 1ರಲ್ಲಿ. ಇನ್ನೊಂದು: ಮೋಟರ್‌ಹೋಂ ಹಿಂದೆ ಕಾರು ಕಟ್ಟಿಕೊಂಡು ತಿರುಗುವ ಅಮೆರಿಕದ ವಿಡಿಯೊಗಳಲ್ಲಿ ನಾಲ್ಕೇ ವೈರಿನ ಚಪ್ಪಟೆ ಪ್ಲಗ್ ತೋರಿಸುತ್ತಾರೆ. ಅಲ್ಲಿ ಬ್ರೇಕ್ ಮತ್ತು ಇಂಡಿಕೇಟರ್ ಒಂದೇ ಕೆಂಪು ಬಲ್ಬಿನಲ್ಲಿ ಸೇರಿರುತ್ತವೆ. ನಮ್ಮ ಗಾಡಿಗಳಲ್ಲಿ ಹಳದಿ ಇಂಡಿಕೇಟರ್ ಬೇರೆ, ಬ್ರೇಕ್ ಬೇರೆ. ಅದನ್ನು ನೋಡಿಕೊಂಡು ಇಲ್ಲಿ ಜೋಡಿಸಿದರೆ ಲೆಕ್ಕ ತಪ್ಪುತ್ತದೆ.

ಪಿಕಪ್ ಕಡೆಯ ಕೆಲಸ ಒಂದೇ ಸಲ ಸರಿಯಾಗಿ ಮಾಡಿ. ಪಿಕಪ್ಪಿನ ಟೇಲ್ ಲೈಟ್ ವೈರಿಗೆ ನೇರ ಜೋಡಿಸಿದರೆ ಹೆಚ್ಚಿನ ಭಾರವೆಲ್ಲ ಅದರ ಸ್ವಿಚ್, ಫ್ಯೂಸ್, ಇಂಡಿಕೇಟರ್ ಮಿಟುಕಿಸುವ ಫ್ಲ್ಯಾಶರ್ ಮೇಲೆ ಬೀಳುತ್ತದೆ. ಹಳೆಯ ಕಾಯಿಲ್ ಫ್ಲ್ಯಾಶರ್ ಆದರೆ ಭಾರ ಹೆಚ್ಚಿದಷ್ಟೂ ಜೋರಾಗಿ ಮಿಟುಕುತ್ತದೆ. ಹೊಸದಾದರೆ ಪಿಕಪ್ಪಿನ ಒಂದು ಬಲ್ಬ್ ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಹಲಗೆಯ ಬಲ್ಬ್ ಆ ಲೆಕ್ಕ ತುಂಬಿಕೊಡುತ್ತದೆ. ಇದಕ್ಕೆ ನಾಲ್ಕು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಹಾಕಿ, ನಾಲ್ಕು ಪಿನ್ನಿನ ಸಾಮಾನ್ಯ 12 ವೋಲ್ಟ್ 30 ಆಂಪಿಯರಿನವು. ಪಿಕಪ್ಪಿನ ಟೇಲ್, ಬ್ರೇಕ್, ಎಡ, ಬಲ ವೈರುಗಳಿಂದ ಒಂದೊಂದು ಎಳೆ ರಿಲೇಯ 86ನೇ ಪಿನ್ನಿಗೆ, 85 ಅರ್ತಿಗೆ. ಬ್ಯಾಟರಿಯಿಂದ 2.5 ಚದರ ಮಿಮೀ ವೈರ್ ನಾಲ್ಕರ 30ಕ್ಕೂ, 87ರಿಂದ ಸಾಕೆಟ್ಟಿಗೆ. ಟೇಲ್ ರಿಲೇಯ 87ರಿಂದಲೇ 5 ಮತ್ತು 7 ಎರಡಕ್ಕೂ ಕೊಡಿ. ಬ್ಯಾಟರಿಯಿಂದ ಒಂದಡಿಯೊಳಗೆ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ಯೂಸ್ ಹಿಂದೆ ಸಾಕೆಟ್ ಹತ್ತಿರ ಇಟ್ಟರೆ ನಡುವಿನ ವೈರ್ ಉಜ್ಜಿ ಚಾಸಿಗೆ ತಾಗಿದಾಗ ಅದು ಏನೂ ಕಾಯುವುದಿಲ್ಲ. ಈಗ ಪಿಕಪ್ಪಿನ ಮೂಲ ವೈರುಗಳ ಮೇಲೆ ಬೀಳುವುದು ರಿಲೇ ಒಂದಕ್ಕೆ 0.15 ಆಂಪಿಯರಿನಷ್ಟು ಮಾತ್ರ. ಪಿಕಪ್ ಹೊಸದಾದರೆ ಒಳಗೇ ಡಯೋಡ್ ಅಥವಾ ರೆಸಿಸ್ಟರ್ ಇರುವ ರಿಲೇ ಕೇಳಿ ತನ್ನಿ, ಕಾಯಿಲ್ ಆಫ್ ಆದಾಗ ಬರುವ ಹೊಡೆತ ಕಂಪ್ಯೂಟರಿಗೆ ತಾಗುವುದಿಲ್ಲ. ಡಯೋಡ್ ಇರುವುದಾದರೆ 85, 86 ಅದಲುಬದಲಾಗಬಾರದು. ಜೋಡಣೆಗೆ ಆ ನೀಲಿ ಕಚ್ಚುವ ಕ್ಲಿಪ್ಪು ಬೇಡವೇ ಬೇಡ. ವೈರಿನ ಅರ್ಧ ಎಳೆ ಕತ್ತರಿಸುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ಹಸಿರು ಪುಡಿ. ಬೆಸುಗೆ ಅಥವಾ ಕ್ರಿಂಪ್ ಮಾಡಿ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯುವ ಕೊಳವೆ) ಹಾಕಿ.

ಹಲಗೆಯ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಅರ್ತಿನದ್ದೇ. ಬಾರ್ ಕಬ್ಬಿಣ ತಾನೇ, ಅದೇ ಅರ್ತ್ ಆಗುತ್ತದೆ ಅಂತ ಬಿಡುವವರಿದ್ದಾರೆ. ಬಾರಿನ ಪಿನ್ನಿನಲ್ಲಿ ಬಣ್ಣ, ಗ್ರೀಸ್, ತುಕ್ಕು. ನೇರ ರಸ್ತೆಯಲ್ಲಿ ತಾಗುತ್ತದೆ, ತಿರುವಿನಲ್ಲಿ ಬಿಡುತ್ತದೆ. ಪ್ಲೈವುಡ್ ಹಲಗೆಗಂತೂ ಬಾಡಿ ಅನ್ನುವುದೇ ಇಲ್ಲ. ಅರ್ತ್ ಕೆಟ್ಟಾಗ ಲಕ್ಷಣ ವಿಚಿತ್ರ: ಬ್ರೇಕ್ ಒತ್ತಿದರೆ ಟೇಲ್ ಲೈಟ್ ಮಂಕಾಗುತ್ತದೆ, ಎಡಕ್ಕೆ ಹಾಕಿದರೆ ಬಲದ್ದೂ ಸಣ್ಣಗೆ ಮಿಟುಕುತ್ತದೆ. ಕರೆಂಟಿಗೆ ತನ್ನ ದಾರಿ ಸಿಗದೆ ಬೇರೆ ಬಲ್ಬಿನ ಫಿಲಮೆಂಟ್ ಮೂಲಕ ಸುತ್ತಿ ಹೋಗುವುದರಿಂದ ಹೀಗಾಗುತ್ತದೆ. ಇಂಥದ್ದು ಕಂಡರೆ ರಿಲೇ ಬಿಚ್ಚಬೇಡಿ. ಎಲ್ಲ ದೀಪ ಉರಿಸಿಟ್ಟು, ಮೀಟರಿನ ಒಂದು ಕಡ್ಡಿ ಹಲಗೆಯ ಅರ್ತ್ ಬೋಲ್ಟಿಗೆ, ಇನ್ನೊಂದು ಪಿಕಪ್ ಬ್ಯಾಟರಿಯ ನೆಗೆಟಿವ್‌ಗೆ ಇಡಿ. ಅರ್ಧ ವೋಲ್ಟ್ ಒಳಗಿದ್ದರೆ ಸರಿ. 2, 3 ಬಂದರೆ ಮೊದಲು ಪ್ಲಗ್ಗಿನ 3ನೇ ಪಿನ್ ನೋಡಿ. ಪರೀಕ್ಷೆ ಮಾಡುವಾಗಲೂ ಒಂದೊಂದೇ ದೀಪ ಹಾಕಿ ನೋಡಿದರೆ ಸಾಲದು. ಟೇಲ್ ಹಾಕಿ, ಅದರ ಮೇಲೆ ಬ್ರೇಕ್, ಅದರ ಮೇಲೆ ಎಡ, ಆಮೇಲೆ ಬಲ. ಒಂಟಿಯಾಗಿ ಉರಿಯುವಾಗ ಮುಚ್ಚಿಕೊಂಡ ದೋಷ ಒಟ್ಟಿಗೆ ಹಾಕಿದಾಗ ಹೊರಬೀಳುತ್ತದೆ.

ಕಟ್ಟುವಾಗ ಮ್ಯಾಗ್ನೆಟ್ ಒಂದನ್ನೇ ನೆಚ್ಚಬೇಡಿ. ಬಂಪರ್ ಪ್ಲಾಸ್ಟಿಕ್, ಕೆಲವು ಡಿಕ್ಕಿ ಬಾಗಿಲೂ ಪ್ಲಾಸ್ಟಿಕ್, ಕೆಸರು ಮೆತ್ತಿದ ತಗಡಿಗೆ ಹಿಡಿತವಿಲ್ಲ. ಕೊಕ್ಕೆಯ ರಬ್ಬರ್ ಹಗ್ಗ ಎರಡು ಹಾಕಿ ಡಿಕ್ಕಿಯ ಅಂಚಿಗೆ ಬಿಗಿಯಿರಿ, ದೀಪಗಳು ಕಾರಿನ ಅಂಚಿನಿಂದ ಒಂದು ಅಡಿಯೊಳಗೆ ಬರಲಿ. ಕೇಬಲನ್ನು ಬಾರಿಗೆ ಅಡಿಗೊಂದು ಟೈ ಹಾಕಿ, ಬಾರ್ ತಿರುಗುವ ಕೀಲಿನ ಹತ್ತಿರ ಒಂದಡಿ ಸಡಿಲ ಬಿಡಿ. ಆಗುಂಬೆಯ 14 ತಿರುವುಗಳಲ್ಲಿ ಒಂದರಲ್ಲಿ ಎಳೆದು ಹರಿಯುವುದು ಅಲ್ಲೇ. ಮುಂದೆ ಬಾನೆಟ್, ಕಾರಿನ ತಲೆ ಮೇಲಿಂದ ಹಿಂದಕ್ಕೆ ಒಯ್ಯಿರಿ. ಬಾಗಿಲ ಸಂದಿಯಲ್ಲಿ ತುರುಕಿದರೆ ಅಮುಕಿ ಒಳಗೇ ಶಾರ್ಟ್ ಆಗುತ್ತದೆ.

ದೀಪ ಉರಿದ ಮಾತ್ರಕ್ಕೆ ಉಳಿದ ನಿಯಮ ಮಾಫಿಯಲ್ಲ. ಕೆಟ್ಟ ಗಾಡಿಯ ಸ್ಟಿಯರಿಂಗ್ ಹಿಂದೆ ಲೈಸೆನ್ಸ್ ಇರುವವರು ಕೂತಿರಬೇಕು, ಎರಡು ಗಾಡಿ ನಡುವೆ 5 ಮೀಟರ್ ದಾಟಬಾರದು, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಹಿಂದೆ ‘ಆನ್ ಟೋ’ ಅಂತ ಬಿಳಿ ಮೇಲೆ ಕಪ್ಪಲ್ಲಿ ಬರೆದ ಬೋರ್ಡ್. ಅದನ್ನೂ ಹಲಗೆಯ ಮೇಲೇ ಬರೆಸಿಬಿಡಿ. ಎಂಜಿನ್ ಆಫ್ ಇರುವ ಕಾರಿನ ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಾಗುತ್ತದೆ, ಕೂತವರಿಗೆ ಮೊದಲೇ ಹೇಳಿ. ಕೀ ತಿರುಗಿಸಿ ಸ್ಟಿಯರಿಂಗ್ ಲಾಕ್ ಬಿಟ್ಟಿರಲಿ. ಆಟೊಮ್ಯಾಟಿಕ್ ಗೇರಿನ ಕಾರನ್ನು ಡ್ರೈವ್ ಚಕ್ರ ನೆಲಕ್ಕೂರಿ ಎಳೆಯಬೇಡಿ. ಹಜಾರ್ಡ್ ಹಾಕಿಕೊಂಡೇ ಘಾಟಿ ಇಳಿಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ನಾಲ್ಕೂ ಮಿಟುಕುತ್ತಿದ್ದರೆ ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನ ಬಸ್ಸಿನವನಿಗೆ ಗೊತ್ತಾಗುವುದು ಹೇಗೆ? ಚಲಿಸುವಾಗ ಟೇಲ್ ಹಾಕಿರಿ, ನಿಂತಾಗ ಹಜಾರ್ಡ್. ಮಂಜು ಕವಿಯುವ ತಿಂಗಳುಗಳಿಗಾಗಿ 2ನೇ ಪಿನ್ನಿಗೆ ಒಂದು ಕೆಂಪು ಫಾಗ್ ಲ್ಯಾಂಪ್ ಹಾಕಿಸಿ, ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ ಮತ್ತು 5 ಆಂಪಿಯರ್ ಫ್ಯೂಸ್.

ಮಳೆಗಾಲದ ಆರೈಕೆ ಬಗ್ಗೆ ಸ್ವಲ್ಪ. ಸಾಕೆಟ್ ಮುಚ್ಚಳದ ಕೀಲು ಮೇಲೆ ಇರಲಿ, ಪಿನ್ನುಗಳಿಗೆ ವ್ಯಾಸಲಿನ್ ತೆಳ್ಳಗೆ. ಪ್ಲಗ್ ಬಿಚ್ಚಿದ ಮೇಲೆ ನೆಲಕ್ಕೆ ಬಿಡಬೇಡಿ: ತಾಮ್ರದ ಸಣ್ಣ ಎಳೆಗಳು ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನೀರು ಹೀರುತ್ತವೆ, ಮೇಲಿನ ಪ್ಲಾಸ್ಟಿಕ್ ಹೊಸದರಂತಿದ್ದರೂ ಒಳಗೆ ಒಂದಡಿ ಕಪ್ಪಾಗಿರುತ್ತದೆ. ಅಂಥ ವೈರಿಗೆ ಬೆಸುಗೆ ಹಿಡಿಯುವುದಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಲೇಬೇಕು. ದೀಪದ ಗೂಡಿನ ತಳದಲ್ಲಿ 5 ಮಿಮೀ ತೂತು ಕೊರೆಯಿರಿ, ಒಳಗೆ ಕಟ್ಟುವ ಬೆವರು ಇಳಿದುಹೋಗಲಿ. ಹಲಗೆಯನ್ನು ಗ್ಯಾರೇಜಿನ ಮಾಡಿಗೆ ನೇತುಹಾಕಿ, ಇಲಿಗೆ ಕೇಬಲ್ ಸಿಗದಷ್ಟು ದೂರ. ಎರಡು ತಿಂಗಳು ಬಳಸದೆ ಇಟ್ಟಿದ್ದರೆ ಆ ತೂತಿಗೆ ಒಂದು ಕಡ್ಡಿ ಹಾಕಿ ನೋಡಿ, ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ.