ಹೈ ಅಲರ್ಟ್ ಖರ್ಚು ಯಾರ ತಲೆಗೆ?

ಪ್ರಶ್ನೆ: ಬನಶಂಕರಿ ಕಡೆ ನಮ್ಮದೊಂದು ಕಲ್ಯಾಣ ಮಂಟಪ ಇದೆ. ಊರಲ್ಲಿ ಹೈ ಅಲರ್ಟ್ ಅಂದಾಗೆಲ್ಲ ಪೊಲೀಸರು ಬಂದು ಗಾರ್ಡ್ ಜಾಸ್ತಿ ಹಾಕಿ, ಗೇಟಲ್ಲಿ ಮೆಟಲ್ ಡಿಟೆಕ್ಟರ್ ಇಡಿ, ಬ್ಯಾಗ್ ನೋಡಿ ಒಳಗೆ ಬಿಡಿ ಅಂತಾರೆ. ಮಾಡುತ್ತೇವೆ. ಬಿಲ್ ಮಾತ್ರ ನಮ್ಮದೇ. ಅಮೆರಿಕದಲ್ಲಿ ಇಂಥ ಖರ್ಚನ್ನು ಸರ್ಕಾರ ವಾಪಸ್ ಕೊಡುತ್ತದಂತೆ, ಮಗ ಹೇಳಿದ. ಇಲ್ಲಿ ಯಾರಿಗೆ ಅರ್ಜಿ ಹಾಕಬೇಕು?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಬೇಸರದ ಸಂಗತಿ ಮೊದಲೇ ಹೇಳಿಬಿಡುತ್ತೇನೆ ಸಾರ್. ನಿಮ್ಮಂಥವರಿಗೆ ಹಣ ವಾಪಸ್ ಕೊಡುವ ಯೋಜನೆ ಇಲ್ಲಿಲ್ಲ. ಕಾನೂನು ಹೇಳುವುದೇ ಬೇರೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ, ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗದವರೇ ಸಿಸಿಟಿವಿ ಹಾಕಿಸಬೇಕು, 30 ದಿನದ ದೃಶ್ಯ ಇಟ್ಟುಕೊಳ್ಳಬೇಕು, ಒಳಗೆ ಬರುವವರ ಮೇಲೆ ಕಣ್ಣಿಡಬೇಕು. ಅಲರ್ಟ್ ಇರಲಿ, ಇಲ್ಲದಿರಲಿ.

ನಿಮ್ಮ ಮಗ ಹೇಳಿದ್ದು ಅರ್ಧ ನಿಜ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ಹೊತ್ತಿಗೆ ಅಲ್ಲಿ ಅಲರ್ಟ್ ಕಿತ್ತಳೆ ಬಣ್ಣಕ್ಕೆ ಏರಿತ್ತು. (ಅಪಾಯದ ಮಟ್ಟ ತೋರಿಸುವ ಐದು ಬಣ್ಣಗಳಲ್ಲಿ ಅದು ಮೇಲಿನಿಂದ ಎರಡನೆಯದು. ಆ ಪದ್ಧತಿ 2011ರಲ್ಲಿ ನಿಂತಿತು.) ಹೆಚ್ಚುವರಿ ಭದ್ರತೆಗೆ ನಗರಗಳಿಗೆ ವಾರಕ್ಕೆ ಸುಮಾರು 7 ಕೋಟಿ ಡಾಲರ್ ಬೀಳುತ್ತಿದೆ ಎಂದು ಮೇಯರ್‌ಗಳ ಸಂಘ ಲೆಕ್ಕ ಕೊಟ್ಟಿತು. ಆಮೇಲೆ ಅಲ್ಲಿನ ಸಂಸತ್ತು ಹಣ ಎತ್ತಿಟ್ಟಿತು. ಆದರೆ ಅದು ಪೊಲೀಸರ ಓವರ್‌ಟೈಮ್‌ನಂಥ ಖರ್ಚಿಗೆ, ರಾಜ್ಯಗಳಿಗೂ ನಗರಗಳಿಗೂ. ಮದುವೆ ಹಾಲ್ ನಡೆಸುವವರಿಗಲ್ಲ.

ನಮ್ಮಲ್ಲಿ ಪೊಲೀಸ್ ಇಲಾಖೆ ರಾಜ್ಯದ ವಿಷಯ. ಬಂದೋಬಸ್ತ್ ಖರ್ಚೂ ರಾಜ್ಯದ್ದೇ. ನಕ್ಸಲ್ ಪೀಡಿತ ಜಿಲ್ಲೆಗಳು, ಜಮ್ಮು-ಕಾಶ್ಮೀರ, ಈಶಾನ್ಯ ರಾಜ್ಯಗಳಿಗೆ ಕೇಂದ್ರವು ಎಸ್‌ಆರ್‌ಇ (ಭದ್ರತಾ ಸಂಬಂಧಿ ವೆಚ್ಚ) ಯೋಜನೆಯಲ್ಲಿ ಭದ್ರತಾ ಖರ್ಚು ತುಂಬಿಕೊಡುತ್ತದೆ. ಬೆಂಗಳೂರು ಅದರಲ್ಲಿಲ್ಲ.

ನನಗಂತೂ ಇದು ನ್ಯಾಯ ಅನಿಸುವುದಿಲ್ಲ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಬ್ಯಾಗ್ ಇಟ್ಟು ಹೋದವನ ಚಹರೆ ಸಿಕ್ಕಿದ್ದು ಸಿಸಿಟಿವಿಯಲ್ಲಿ ಅಲ್ವಾ? ನಿಮ್ಮ ಗೇಟಿನ ಕ್ಯಾಮೆರಾ ಇಡೀ ಬೀದಿಯನ್ನು ಕಾಯುತ್ತದೆ, ಹಾಗಿರುವಾಗ ಅಲರ್ಟ್ ದಿನಗಳ ಹೆಚ್ಚುವರಿ ಖರ್ಚನ್ನು ಸಣ್ಣ ಹಾಲ್, ದೇವಸ್ಥಾನ, ಅಪಾರ್ಟ್‌ಮೆಂಟ್ ಸಂಘಗಳಿಗೆ ಆಸ್ತಿ ತೆರಿಗೆಯಲ್ಲಾದರೂ ಒಂದಿಷ್ಟು ಮುರಿದುಕೊಡಬೇಕು. ನಿಮ್ಮ ಶಾಸಕರಿಗೆ ಇದನ್ನೇ ಬರೆಯಿರಿ, ಅಕ್ಕಪಕ್ಕದ ಮಂಟಪದವರ ಸಹಿಯನ್ನೂ ಹಾಕಿಸಿ.

ಸದ್ಯಕ್ಕೆ, ಪೊಲೀಸರು ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಆ ದಿನಗಳ ಬಿಲ್ ಬೇರೆ ಇಡಿ, ವ್ಯಾಪಾರದ ಖರ್ಚಲ್ಲಿ ತೋರಿಸಲು ಆಡಿಟರ್‌ಗೆ ಬೇಕಾಗುತ್ತದೆ. ಗಾರ್ಡ್ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಲೈಸೆನ್ಸ್ ಇದೆಯಾ ನೋಡಿ. ಇನ್ನೊಂದು, ಹೊತ್ತು ಮೀರಿ ನಿಂತ ಗಾರ್ಡಿಗೆ ದುಪ್ಪಟ್ಟು ಓವರ್‌ಟೈಮ್ ಕೊಡಬೇಕು. ನೀವು ಏಜೆನ್ಸಿಗೆ ಕೊಟ್ಟದ್ದು ಅವರ ಕೈಗೆ ತಲುಪಿತಾ ಅಂತ ಗಾರ್ಡನ್ನೇ ಕೇಳಿ.