ಉಷ್ಣ ಅಂದುಕೊಂಡಿದ್ದು ಶುಗರ್

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯವರು. ವಯಸ್ಸು ನಲವತ್ತೈದರ ಆಚೆ ಈಚೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಸುಮ್ನೆ ಅಕ್ಕ ಎನ್ನುತ್ತೇನೆ.

ಅವರನ್ನು ಸಲಹೆಗೆಂದು ನನ್ನ ಬಳಿ ಕರೆತಂದದ್ದು ಮಗಳು. "ಅಮ್ಮ ರಾತ್ರಿ ಮಲಗಲ್ಲ. ಅಪ್ಪನ ಜೊತೆ ಮಾತಿಲ್ಲ. ಎಂಟು ತಿಂಗಳಿಂದ ಬೇರೆ ರೂಮು" ಎಂದಳು. ನಾನು ಅದನ್ನೇ ಹಿಡಿದುಕೊಂಡೆ. ಗಂಡ ಹೆಂಡತಿ ಮನಸ್ತಾಪ, ಮುಟ್ಟು ನಿಲ್ಲುವ ವಯಸ್ಸು, ಖಿನ್ನತೆ ಇರಬಹುದು ಎಂದು ಅರ್ಧ ಪುಟ ಬರೆದೂ ಆಯಿತು. ಈಗ ಆ ಪುಟ ನೋಡಿದರೆ ನಾಚಿಕೆಯಾಗುತ್ತದೆ.

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎರಡು ನಿಮಿಷಕ್ಕೊಮ್ಮೆ ಆ ಕಡೆ ಈ ಕಡೆ ಸರಿಯುತ್ತಿದ್ದರು. ಮಗಳನ್ನು ಹೊರಗೆ ಕಳಿಸಿ, "ಕೂರೋಕೆ ಕಷ್ಟ ಆಗ್ತಿದೆಯಾ?" ಎಂದು ಕೇಳಿದ್ದೇ ತಡ, ಅಳು ಬಂತು. ಆಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮೂರು ಟ್ಯೂಬು. ಮೂರನ್ನೂ ಟೂತ್‌ಪೇಸ್ಟಿನ ಹಾಗೆ ಕತ್ತಿನವರೆಗೂ ಸುತ್ತಿ ಸುತ್ತಿ ಹಿಂಡಿದ್ದರು.

ಕೆಳಗೆ ತಡೆಯಲಾಗದ ತುರಿಕೆ. ಮೊಸರು ಒಡೆದ ಹಾಗೆ ಬಿಳಿ ಹೋಗುವುದು. ಮೂತ್ರ ಮಾಡಿದರೆ ಉರಿ. ಮೈ ಉಷ್ಣ ಅಂದುಕೊಂಡು ದಿನಕ್ಕೆರಡು ಸಲ ಜೀರಿಗೆ, ಕಲ್ಲುಸಕ್ಕರೆ ನೀರು ಕುಡಿಯುತ್ತಿದ್ದರು. ಕೊಳೆ ಅಂದುಕೊಂಡು ದಿನಕ್ಕೆ ನಾಲ್ಕು ಸಲ ಬಿಸಿನೀರಿಗೆ ಆಂಟಿಸೆಪ್ಟಿಕ್ ಹಾಕಿ ತೊಳೆಯುತ್ತಿದ್ದರು, ಸೋಪೂ ಹಚ್ಚುತ್ತಿದ್ದರು. ಟ್ಯೂಬು ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದದ್ದು. ಎರಡರಲ್ಲಿ ಸ್ಟೀರಾಯ್ಡ್ ಇತ್ತು. ಇದು ಹಚ್ಚಿದ ಎರಡು ದಿನ ತಣ್ಣಗೆ ಇಡುತ್ತದೆ, ಒಳಗೆ ಶಿಲೀಂಧ್ರ ಮಾತ್ರ ಬೆಳೆಯುತ್ತಲೇ ಇರುತ್ತದೆ. ಚರ್ಮವೂ ತೆಳುವಾಗುತ್ತದೆ.

ರಾತ್ರಿ ಎಷ್ಟು ಸಲ ಏಳ್ತೀರಿ ಎಂದು ಕೇಳಿದೆ. ನಾಲ್ಕೈದು ಸಲ. ಬಚ್ಚಲು ಇರುವುದು ಮನೆಯ ಹಿಂದೆ, ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಹೋಗಬೇಕು. ಅದಕ್ಕೇ ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಾಯಿ ಒಣಗುತ್ತಿತ್ತು, ಆರು ತಿಂಗಳಲ್ಲಿ ರವಿಕೆ ಸಡಿಲವಾಗಿತ್ತು.

ಅಲ್ಲೇ ಬೆರಳು ಚುಚ್ಚಿ ಶುಗರ್ ನೋಡಿದರೆ 318. ಇಂಥ ಲಕ್ಷಣಗಳಿದ್ದು, ಯಾವ ಹೊತ್ತಿನಲ್ಲಾದರೂ ಶುಗರ್ 200 ಅಥವಾ ಮೇಲಿದ್ದರೆ ಅದು ಸಕ್ಕರೆ ಕಾಯಿಲೆಯೇ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10.2 ಬಂತು. 6.5 ಅಥವಾ ಜಾಸ್ತಿ ಬಂದರೆ ಮಧುಮೇಹ ಎನ್ನುತ್ತಾರೆ. ಮಹಿಳಾ ವೈದ್ಯರು ಪರೀಕ್ಷೆ ಮಾಡಿ ಕ್ಯಾಂಡಿಡಾ ಶಿಲೀಂಧ್ರ ಎಂದರು.

ವರದಿ ಕೇಳಿ ಅಕ್ಕನಿಗೆ ಶುಗರ್ ಬಗ್ಗೆ ಭಯವಾಗಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ್ದು ಬೇರೆ: "ಹಂಗಾದ್ರೆ ಇದು ಅವರಿಂದ ಬಂದಿದ್ದಲ್ವಾ?"

ಗಂಡನಿಗೂ ಅದೇ ಜಾಗದಲ್ಲಿ ತುರಿಕೆ ಇತ್ತಂತೆ. ಎಲ್ಲೋ ಹೋಗಿ ಅಂಟಿಸಿಕೊಂಡು ಬಂದಿದ್ದಾರೆ ಎಂದು ಇವರು. ಇವಳಿಂದಲೇ ಬಂತು ಎಂದು ಅವರು. ಎಂಟು ತಿಂಗಳು ಒಂದೇ ಸೂರಿನಡಿ ಬಾಯಿ ಬಿಡದೆ ಇದ್ದದ್ದು ಇದಕ್ಕೆ.

ನಾನು ಬೂಷ್ಟಿನ ಕಥೆ ಹೇಳಿದೆ. ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ, ಬೀರುವಿನ ಸೀರೆಗೆ ಬೂಷ್ಟು ಬರುತ್ತದಲ್ಲ. ಅದನ್ನು ಯಾರೂ ತಂದು ಹಚ್ಚುವುದಿಲ್ಲ. ಅದು ಗಾಳಿಯಲ್ಲೇ ಇರುತ್ತದೆ, ತೇವ ಸಿಕ್ಕರೆ ಏಳುತ್ತದೆ. ಈ ಶಿಲೀಂಧ್ರವೂ ನಮ್ಮ ಮೈಯಲ್ಲೇ ಇರುವುದು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೆ ಇಳಿಯುತ್ತದೆ. ಅಲ್ಲಿ ಶಿಲೀಂಧ್ರಕ್ಕೆ ಹಬ್ಬ. ಶುಗರ್ ಜಾಸ್ತಿ ಇದ್ದಾಗ ಮೈ ಹೋರಾಡುವ ಶಕ್ತಿಯೂ ಕುಗ್ಗುತ್ತದೆ. ಬೆಲ್ಟನ್ನು ಎಷ್ಟು ಒರೆಸಿದರೂ ತೇವ ಹೋಗದೆ ಬೂಷ್ಟು ಹೋಗಲ್ಲ. ಇಲ್ಲಿ ತೇವ ಅಂದರೆ ಶುಗರ್.

"ಹಂಗಾದ್ರೆ ಎಂಟು ತಿಂಗಳು ಸುಮ್ನೆ ತೊಳೆದೆ" ಎಂದು ನಕ್ಕರು. ಅವತ್ತಿನ ಮೊದಲ ನಗು.

ವೈದ್ಯರು ಶುಗರ್ ಮಾತ್ರೆ ಮತ್ತು ರಾತ್ರಿ ಯೋನಿಯ ಒಳಗಿಡುವ, ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಾಜೋಲ್ ಮಾತ್ರೆ ಬರೆದರು. ನಾನು ಹೇಳಿದ್ದು ಬಹುಪಾಲು ಬಿಡುವ ಮಾತು. ಸೋಪು ಬೇಡ, ಆಂಟಿಸೆಪ್ಟಿಕ್ ಬೇಡ, ಒಳಗೆ ತೊಳೆಯುವುದು ಬೇಡವೇ ಬೇಡ. ಹೊರಗಡೆ ಬರೀ ನೀರು, ಮೆತ್ತಗೆ ಒರೆಸಿ. ತುರಿಕೆ ಎರಡೇ ದಿನಕ್ಕೆ ನಿಂತರೂ ಕೋರ್ಸ್ ಮುಗಿಸಿ. ತಡೆಯಲಾಗದಿದ್ದರೆ ಉಗುರು ಹಾಕಬೇಡಿ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ. ಕಲ್ಲುಸಕ್ಕರೆ ನಿಲ್ಲಿಸಿ, ಬೆಲ್ಲದ ಕಾಫಿಯೂ ಅಷ್ಟೇ. ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ.

ಒಳ ಉಡುಪಿನ ಮಾತು ಬಂದಾಗ ನನಗೇ ಉತ್ತರ ಸಿಗಲಿಲ್ಲ. ಕಾಟನ್ ಹಾಕಿ, ಒಣಗಿದ್ದು ಹಾಕಿ ಎಂದು ಪುಸ್ತಕದ ಹಾಗೆ ಹೇಳಿಬಿಟ್ಟೆ. "ಜುಲೈನಲ್ಲಿ ನಮ್ಮೂರಲ್ಲಿ ಏನು ಒಣಗುತ್ತೆ ಮೇಡಂ?" ಎಂದರು. ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿ, ತೊಡುವ ಮೊದಲು ಇಸ್ತ್ರಿ ತಿರುವುತ್ತೇನೆ ಎಂದು ಅವರೇ ದಾರಿ ಕಂಡುಕೊಂಡರು. ಈಗ ಅದನ್ನು ಎಲ್ಲರಿಗೂ ಹೇಳುತ್ತೇನೆ.

ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ರಕ್ತ ಕಂಡರೆ ತಡ ಮಾಡದೆ ಬನ್ನಿ ಎಂದೆ. ಬಿಳಿ ಹೋಗುವುದೆಲ್ಲ ಇದೇ ಕಾಯಿಲೆ ಅಲ್ಲ.

ಗಂಡ ವಾರ ಬಿಟ್ಟು ಬಂದರು, ಅದೂ ಮಗಳ ಒತ್ತಾಯಕ್ಕೆ. ಅವರಿಗೆ ಶುಗರ್ ಇರುವುದು ಮೊದಲೇ ಗೊತ್ತಿತ್ತು. ಹೊಸದಾಗಿ ಡಪಾಗ್ಲಿಫ್ಲೋಜಿನ್ ಶುರುವಾಗಿತ್ತು. ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಹಾಗಾಗಿ ಕೆಲವರಿಗೆ ಈ ತುರಿಕೆ ಬರುತ್ತದೆ. ಮುಂದೊಗಲು ಬಿರುಕು ಬಿಟ್ಟಿತ್ತು. ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದರು. ವೈದ್ಯರು ಮುಲಾಮು ಕೊಟ್ಟು, ದಿನಾ ನೀರಲ್ಲಿ ತೊಳೆದು ಒಣಗಿಸಲು ಹೇಳಿ, ಗಾಯ ಮಾಗಿದ ಮೇಲೆ ಮಾತ್ರೆ ಮತ್ತೆ ಶುರು ಮಾಡಿಸಿದರು.

ಇದು ಲೈಂಗಿಕ ರೋಗದ ಪಟ್ಟಿಯಲ್ಲಿ ಇಲ್ಲ ಎಂದು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದೆ. ಇಬ್ಬರೂ ಗೋಡೆ ನೋಡುತ್ತಿದ್ದರು. ಕ್ಷಮೆ ಗಿಮೆ ಏನೂ ಇಲ್ಲ. ಹೋಗುವಾಗ ಗಂಡ ಕೊಡೆ ಬಿಚ್ಚಿ ಬಾಗಿಲಲ್ಲಿ ಕಾದು ನಿಂತರು, ಅಷ್ಟೇ.

ಅಕ್ಟೋಬರಿನಲ್ಲಿ ಅಕ್ಕನ ಎಚ್‌ಬಿಎ1ಸಿ 7.8. ತುರಿಕೆ ಒಂದು ಸಲ ಮರಳಿತ್ತು, ಗೌರಿ ಹಬ್ಬದ ಹೋಳಿಗೆ ವಾರದಲ್ಲಿ. ಗಂಡ ಈಗಲೂ ನನ್ನ ಮುಂದೆ ಬಾಯಿ ಬಿಡುವುದಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಅಕ್ಕನ ಕೈಲಿ ಚೀಟಿ ಕಳಿಸುತ್ತಾರೆ. ಕಳೆದ ಸಲದ್ದರಲ್ಲಿ ಒಂದೇ ಸಾಲು: "ಒಂದು ಸಲ ಬಂತು, ಹೋಯಿತು. ಮಾತ್ರೆ ಬಿಟ್ಟಿಲ್ಲ."