ಏಳು ತಿಂಗಳಾದರೂ ಮಗನ ಕುತ್ತಿಗೆ ನಿಂತಿಲ್ಲ

ಪ್ರಶ್ನೆ: ನನ್ನ ಮಗ 31 ವಾರಕ್ಕೇ ಹುಟ್ಟಿದ. ತೂಕ 1.4 ಕೆ.ಜಿ. ಇತ್ತು, ಒಂದು ತಿಂಗಳು ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಈಗ ಏಳು ತಿಂಗಳು. ಕುತ್ತಿಗೆ ಇನ್ನೂ ವಾಲುತ್ತದೆ, ಬೋರಲು ಬಿದ್ದಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಜಾರುತ್ತಾನೆ. ಕ್ಯಾಲ್ಸಿಯಂ ಸಿರಪ್ ಕೊಡು, ವಾಕರ್‌ನಲ್ಲಿ ಕೂರಿಸು ಅಂತಾರೆ ಅತ್ತೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ವಯಸ್ಸಿನ ಲೆಕ್ಕ. ನಿಮ್ಮ ಮಗ 9 ವಾರ ಮೊದಲೇ ಬಂದಿದ್ದಾನೆ. ಬೆಳವಣಿಗೆ ನೋಡುವಾಗ ಅಷ್ಟನ್ನು ಕಳೆಯಬೇಕು. ಅಂದರೆ ಅವನಿಗೀಗ ಐದು ತಿಂಗಳು. ಎರಡು ವರ್ಷ ತುಂಬುವವರೆಗೂ ಹೀಗೇ ಎಣಿಸಿ. ಲಸಿಕೆಗೆ ಮಾತ್ರ ಹುಟ್ಟಿದ ದಿನದ್ದೇ ಲೆಕ್ಕ.

ಐದು ತಿಂಗಳಿಗೆ ಬೋರಲು ಬೀಳದಿದ್ದರೆ ಗಾಬರಿಯಿಲ್ಲ. ಆದರೆ ಕುತ್ತಿಗೆ ಇಷ್ಟರಲ್ಲಿ ನಿಲ್ಲಬೇಕಿತ್ತು, ಮೇಲಾಗಿ ಕೈಯಿಂದ ಜಾರುತ್ತಾನೆ ಅಂತೀರಿ. ‘ಬೇಗ ಹುಟ್ಟಿದ್ದಲ್ವಾ, ತಾನಾಗೇ ಸರಿಹೋಗುತ್ತೆ’ ಎಂದು ಸುಮ್ನೆ ಕಾಯಬೇಡಿ. ಈ ವಾರವೇ ತೋರಿಸಿ.

ಮೈ ಸಡಿಲ ಅನ್ನೋದು ಕಾಯಿಲೆಯ ಹೆಸರಲ್ಲ, ಬರೀ ಲಕ್ಷಣ. ನಾವು ಮಗುವನ್ನು ಅಂಗಾತ ಮಲಗಿಸಿ, ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸುತ್ತೇವೆ, ತಲೆ ಹಿಂದೆ ಉಳಿಯುತ್ತಾ ನೋಡುತ್ತೇವೆ. ಹೊಟ್ಟೆ ಕೆಳಗೆ ಅಂಗೈ ಕೊಟ್ಟು ಎತ್ತಿದರೆ ಕೆಲವು ಮಕ್ಕಳು ಒದ್ದೆ ಟವೆಲ್ ಥರ ಎರಡೂ ಕಡೆ ಇಳಿಬೀಳುತ್ತವೆ. ಹ್ಯಾಮರ್‌ಸ್ಮಿತ್ ಅನ್ನುವ ಪರೀಕ್ಷೆಯಲ್ಲಿ ಇಂಥ 26 ಅಂಶ ನೋಡಿ, 78ಕ್ಕೆ ಅಂಕ ಹಾಕುತ್ತೇವೆ. ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ.

ಕಾರಣ ಹಲವು. ಮಿದುಳಿಗೆ ಪೆಟ್ಟಾದ ಮಗು ಮೊದಲು ಸಡಿಲವಾಗಿದ್ದು, ಆಮೇಲೆ ಕೈಕಾಲು ಬಿಗಿಯಾಗಬಹುದು. ಥೈರಾಯ್ಡ್ ಕಡಿಮೆ ಇದ್ದರೂ ಮೈ ಸಡಿಲ. ತಾಯಿ ಸಸ್ಯಾಹಾರಿಯಾಗಿದ್ದು ಮಗು ಬರೀ ಎದೆಹಾಲಿನಲ್ಲಿದ್ದರೆ ಬಿ12 ಕೊರತೆಯನ್ನೂ ನೋಡಲೇಬೇಕು, ಅದಕ್ಕೆ ಅಗ್ಗದ ಇಂಜೆಕ್ಷನ್ ಸಾಕು. ಕಣ್ಣು ಚುರುಕಾಗಿದ್ದು ಕಾಲು ಮಾತ್ರ ಆಡದಿದ್ದರೆ, ನಾಲಗೆ ನಡುಗಿದರೆ ಎಸ್‌ಎಂಎ ಇರಬಹುದು, ಅಂದರೆ ಸ್ನಾಯುಗಳು ಬಲ ಕಳೆದುಕೊಳ್ಳುತ್ತಾ ಹೋಗುವ ಒಂದು ವಂಶವಾಹಿ ಕಾಯಿಲೆ. ಅದಕ್ಕೆ ಒಂದೊಂದು ದಿನವೂ ಮುಖ್ಯ. ಹಾಲು ಕುಡಿಯುವಾಗ ಪದೇ ಪದೇ ನೆತ್ತಿಗೇರಿದರೂ ತಡಮಾಡಬೇಡಿ.

ಕ್ಯಾಲ್ಸಿಯಂ ಅನ್ನು ನೀವೇ ಶುರು ಮಾಡಬೇಡಿ. ಡಾಕ್ಟರು ಬರೆದ ವಿಟಮಿನ್ ಡಿ, ಐರನ್ ಡ್ರಾಪ್ಸ್ ನಿಲ್ಲಿಸಲೂ ಬೇಡಿ. ವಾಕರ್ ಅಂತೂ ಬೇಡವೇ ಬೇಡ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತದೆ, ಬೆನ್ನಿಗೂ ಹೊಟ್ಟೆಗೂ ಕೆಲಸವಿಲ್ಲ. ಅತ್ತೆಯವರು ಹಚ್ಚುವ ಎಣ್ಣೆ ಇರಲಿ, ಮೂಗು ಕಿವಿಗೆ ಮಾತ್ರ ಬಿಡಬಾರದು.

ಅವನಿಗೆ ಬೇಕಿರುವುದು ನೆಲ. ಚಾಪೆ ಮೇಲೆ ಬೆಡ್‌ಶೀಟ್ ಹಾಸಿ, ಸುತ್ತಿದ ಟವೆಲ್ಲನ್ನು ಎದೆ ಕೆಳಗಿಟ್ಟು, ತೋಳು ಮುಂದೆ ಬರುವಂತೆ ಬೋರಲು ಮಲಗಿಸಿ. ನೀವೂ ಎದುರಿಗೆ ಮಲಗಿ ಮಾತಾಡಿಸಿ. ಎರಡು ಮೂರು ನಿಮಿಷ, ದಿನಕ್ಕೆ ಐದಾರು ಸಲ. ಹಾಲು ಕುಡಿದ ತಕ್ಷಣ ಬೇಡ, ಪಕ್ಕದಲ್ಲಿ ಯಾರಾದರೂ ಇರಲೇಬೇಕು. ನಿದ್ದೆಗೆ ಅಂಗಾತವೇ ಸರಿ. ಎಚ್ಚರವಿರುವಾಗ ಸೀರೆ ಜೋಲಿಯಲ್ಲಿ ಜಾಸ್ತಿ ಹೊತ್ತು ಬಿಡಬೇಡಿ, ಅಲ್ಲಿ ಮೈ ಮುದುಡಿಕೊಂಡೇ ಇರುತ್ತದೆ. ಕೈ ಹಿಡಿದು ಎಳೆದೆತ್ತಬೇಡಿ. ಸಡಿಲ ಮೈಗೆ ಭುಜ ಕೀಲು ತಪ್ಪುವ ಭಯ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ, ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಗಳಿವೆ, ಸೇವೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಕಾಯಿಲೆಗೆ ಹೆಸರು ಸಿಗುವವರೆಗೆ ಫಿಸಿಯೋಥೆರಪಿಯನ್ನು ಮುಂದೂಡಬೇಕಿಲ್ಲ. ಕಣ್ಣು, ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಅದೂ ಆಗಲಿ. ಹೋಗುವಾಗ ಎನ್‌ಐಸಿಯು ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಮಗು ಆಡುತ್ತಿರುವಾಗ ಮೊಬೈಲಲ್ಲಿ ಒಂದೆರಡು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ನಮ್ಮ ಮುಂದೆ ಮಕ್ಕಳು ಅಳುವುದೇ ಹೆಚ್ಚು.